ಮೂಗಿನಿಂದ ತಿನ್ನುವ ಮೀನು

ಯೊಂಗ್‌ಸಾನ್‌ಪೊದ ಮೀನಂಗಡಿಯಲ್ಲಿ ಎಷ್ಟು ಬೇಕು ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ಎಷ್ಟು ಕಳಿತದ್ದು ಬೇಕು? ರಬ್ಬರ್ ಕೈಗವಸು ತೊಟ್ಟ ಅಂಗಡಿಯಾಕೆ ಡಬ್ಬಗಳನ್ನು ಸಾಲಾಗಿ ಮುಂದಿಡುತ್ತಾಳೆ. ಈ ತುದಿಯದ್ದು ಹೊಸಬರಿಗೆ, ನಡುವಿನದ್ದು ಊರವರಿಗೆ, ಆ ತುದಿಯದ್ದು ಹುಟ್ಟಿದಾರಭ್ಯ ಇದನ್ನೇ ತಿಂದು ಬೆಳೆದ ಹಿರಿಯರಿಗೆ. ಕೊನೆಯ ಡಬ್ಬದ ಮುಚ್ಚಳ ತೆಗೆಯುವಾಗ ಮುಖವನ್ನು ತುಸು ಪಕ್ಕಕ್ಕೆ ಹಿಡಿಯುವುದು ಆಕೆಗೆ ರೂಢಿ. ಎದುರಿಗೆ ನಿಂತ ಪರದೇಶಿಗೆ ಆ ರೂಢಿ ಇರುವುದಿಲ್ಲ. ಕಣ್ಣಲ್ಲಿ ನೀರು ಬರುತ್ತದೆ, ಆಕೆ ನಗುತ್ತಾಳೆ, ವ್ಯಾಪಾರ ಶುರುವಾಗುತ್ತದೆ.

ದಕ್ಷಿಣ ಕೊರಿಯಾದ ನೈರುತ್ಯ ಮೂಲೆಯಲ್ಲಿ ನಾಜು ಎಂಬ ಊರಿದೆ. ಯೊಂಗ್‌ಸಾನ್‌ಪೊ ಅದರ ಹಳೆಯ ನದಿಬಂದರು. ಸಮುದ್ರ ಇಲ್ಲಿಂದ ಕಾಣುವುದಿಲ್ಲ. ಆದರೂ ದಂಡೆಯ ಬೀದಿಯಲ್ಲಿ ಸಾಲುಸಾಲು ಅಂಗಡಿ, ಎಲ್ಲದರಲ್ಲೂ ಒಂದೇ ಮೀನು: ಹೊಂಗೊ. ನಮ್ಮ ಕರಾವಳಿಯ ತೊರಕೆಯ ದಾಯಾದಿ. ಚಪ್ಪಟೆ ಮೈ, ಅಗಲ ರೆಕ್ಕೆ, ಉದ್ದ ಬಾಲ, ಗಟ್ಟಿ ಮುಳ್ಳಿನ ಬದಲು ಮೆಲು ಎಲುಬು. ಇದಕ್ಕೆ ಉಪ್ಪು ಹಾಕುವುದಿಲ್ಲ, ಬಿಸಿಲಿಗೆ ಒಣಗಿಸುವುದಿಲ್ಲ, ಹೊಗೆ ಹಿಡಿಸುವುದಿಲ್ಲ. ಸುಮ್ಮನೆ ತಣ್ಣನೆಯ ಜಾಗದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಡುತ್ತಾರೆ. ಹಿಂದೆ ಮಣ್ಣಿನ ಹಂಡೆಯಲ್ಲಿ ಹುಲ್ಲಿನ ನಡುವೆ ಇಡುತ್ತಿದ್ದರು, ಈಗ ಶೀತಲಗೃಹ ಬಂದಿದೆ. ಆಮೇಲೆ ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ತಿನ್ನುತ್ತಾರೆ.

ವಿಚಿತ್ರ ಎನಿಸುವ ಕಡಲ ತಿನಿಸಿಗೆ ಕೊರಿಯಾದಲ್ಲಿ ಬರವಿಲ್ಲ. ಬುಸಾನಿನ ಜಗಲ್ಚಿ ಮಾರುಕಟ್ಟೆಗೋ ಸೋಲ್‌ನ ನೊರ್‍ಯಾಂಗ್‌ಜಿನ್‌ಗೋ ಹೋದರೆ ಸಾಕು. ಆಗಷ್ಟೇ ಕತ್ತರಿಸಿದ ಆಕ್ಟೋಪಸ್ಸಿನ ಕಾಲುಗಳು ತಟ್ಟೆಯಲ್ಲಿ ಇನ್ನೂ ಹೊರಳಾಡುತ್ತಿರುತ್ತವೆ. ಸರಿಯಾಗಿ ಅಗಿಯದೆ ನುಂಗಿದರೆ ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟುತ್ತದೆ, ಹಾಗೆ ಸತ್ತವರೂ ಇದ್ದಾರೆ. ಕಿತ್ತಳೆ ಬಣ್ಣದ, ಮೈತುಂಬ ಮೊಲೆಮೊಲೆಯಾಗಿ ಉಬ್ಬಿದ ಮೊಂಗೆ ಎಂಬ ಪ್ರಾಣಿ ಉಂಟು. ಅದು ಮೀನೂ ಅಲ್ಲ, ಚಿಪ್ಪಿನದೂ ಅಲ್ಲ. ಮಣ್ಣಿನಲ್ಲಿ ಬಿಲ ತೋಡಿ ಬದುಕುವ ಗೆಬುಲ್ ಎಂಬ ಗುಲಾಬಿ ಹುಳವನ್ನು ನೋಡಿದವರು ಮೊದಲು ನಕ್ಕುಬಿಡುತ್ತಾರೆ, ಯಾಕೆಂದು ನೋಡಿದರೆ ಗೊತ್ತಾಗುತ್ತದೆ. ಇವೆಲ್ಲ ಕಣ್ಣಿಗೆ ವಿಚಿತ್ರ. ಒಮ್ಮೆ ಬಾಯಿಗೆ ಹಾಕಿಕೊಂಡರೆ ಅರ್ಧ ಭಯ ಹೋಗುತ್ತದೆ, ಯಾಕೆಂದರೆ ರುಚಿಯಲ್ಲಿ ಅಂಥ ಗಾಬರಿಯೇನೂ ಇಲ್ಲ: ಸಿಹಿ, ಉಪ್ಪು, ಕಡಲ ನೀರಿನ ಘಮ. ಹೊಂಗೊ ತದ್ವಿರುದ್ಧ. ಕಣ್ಣಿಗೆ ಅದು ತೀರ ಸಾಧು.

ನಾನು ಇದ್ದದ್ದು ನಾಜುವಿನ ಪಕ್ಕದ ದೊಡ್ಡ ನಗರ ಗ್ವಾಂಗ್ಜುವಿನಲ್ಲಿ, ಕೆಲಸದ ಮೇಲೆ. ಅಲ್ಲಿ ಹೊಸಬರನ್ನು ಊಟಕ್ಕೆ ಕರೆಯುವುದು ಹಿರಿಯ ಸಹೋದ್ಯೋಗಿಯ ಕರ್ತವ್ಯವೆಂಬಂತೆ ನಡೆದುಬಂದಿದೆ. ನಮ್ಮ ವಿಭಾಗದ ಹಿರಿಯರು ಆ ಸೀಮೆಯದೇ ಆದ ಜೊಲ್ಲಾ ಪ್ರಾಂತದವರು, ಮಾತು ಕಡಿಮೆ. "ಮೀನು ತಿನ್ನುತ್ತೀರಾ?" ಎಂದು ಕೇಳಿದರು. ಮಲ್ಪೆ ಕಡೆಯವನಿಗೆ ಆ ಪ್ರಶ್ನೆ ಕೇಳಬಾರದು. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮರುವಾಯಿ, ಬೊಂಡಾಸ್ ಎಂದು ಅವರಿಗೆ ಅರ್ಥವಾಗದ ಹೆಸರುಗಳನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ, "ಹಾಗಾದರೆ ಶುಕ್ರವಾರ ಸಂಜೆ ಬನ್ನಿ, ಹೊಸ ಕೋಟು ಹಾಕಿಕೊಂಡು ಬರಬೇಡಿ" ಎಂದರು. ಸೋಲ್‌ನಲ್ಲಿ ಹುಟ್ಟಿ ಬೆಳೆದ ಇನ್ನೊಬ್ಬ ಸಹೋದ್ಯೋಗಿ ಅದನ್ನು ಕೇಳಿಸಿಕೊಂಡು, ಶುಕ್ರವಾರ ತನಗೆ ಬೇರೆ ಕೆಲಸವಿದೆ ಎಂದ. ಕೊರಿಯನ್ನರಲ್ಲೇ ಇದನ್ನು ಮುಟ್ಟದವರು ಬಹಳ ಮಂದಿ ಎಂಬುದು ನನಗೆ ತಿಳಿದದ್ದು ಆಗ.

ಹೋಟೆಲಿನ ಬಾಗಿಲಲ್ಲೇ ಕೋಟುಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿದರು. ಒಳಗೆ ಬಡಿಸುವ ಹೆಂಗಸನ್ನು ನಮ್ಮ ಹಿರಿಯರು 'ಇಮೊ' ಎಂದು ಕರೆದರು. ತಾಯಿಯ ಅಕ್ಕತಂಗಿಯರನ್ನು ಕರೆಯುವ ಹಾಗೆ ಹೋಟೆಲಿನವರನ್ನೂ ಹಾಗೆಯೇ ಕರೆಯುವುದು ಅಲ್ಲಿಯ ಪದ್ಧತಿ. ಇಮೊ ತಂದಿಟ್ಟ ತಟ್ಟೆಯಲ್ಲಿ ಮೂರು ಗುಂಪು. ಒಂದು, ಬೇಯಿಸಿದ ಹಂದಿಮಾಂಸದ ಬಿಲ್ಲೆಗಳು, ಅಂಚಿನಲ್ಲಿ ಬಿಳಿ ಕೊಬ್ಬು. ಎರಡು, ವರ್ಷಕ್ಕೂ ಮೀರಿ ಹಳತಾದ ಕಿಮ್ಚಿ, ಅಂದರೆ ಎಲೆಕೋಸಿನ ಹುಳಿ ಉಪ್ಪಿನಕಾಯಿ, ಕೆಂಪು ಬಣ್ಣ ಕಂದಿಗೆ ತಿರುಗಿದೆ. ಮೂರು, ತೆಳು ಗುಲಾಬಿ ಬಣ್ಣದ ಮೀನಿನ ಹೋಳುಗಳು, ಪ್ರತಿ ಹೋಳಿನ ನಡುವೆ ಮೆಲು ಎಲುಬಿನ ಗೆರೆಗಳು. ಮೇಲೆ ಸಣ್ಣ ಹೊಳಪು. ನೋಡಲು ಎಷ್ಟು ಅಚ್ಚುಕಟ್ಟು ಎಂದರೆ ಆ ವಾಸನೆ ಇದರದ್ದೇ ಎಂದು ನಂಬಲಾಗದು. ಮೂರನ್ನೂ ಒಂದರ ಮೇಲೊಂದು ಇಟ್ಟು ಒಂದೇ ತುತ್ತು ಮಾಡಬೇಕು. ಇದಕ್ಕೆ ಸಮ್ಹಾಪ್ ಎಂದು ಹೆಸರು. ಜೊತೆಗೆ ಬಟ್ಟಲಿನಲ್ಲಿ ಮಕ್ಕೊಲ್ಲಿ, ಅಕ್ಕಿಯಿಂದ ಮಾಡಿದ ಮಬ್ಬು ಬಿಳಿಯ ಮದ್ಯ.

"ಬಾಯಿಂದ ಉಸಿರು ಒಳಗೆ, ಮೂಗಿಂದ ಹೊರಗೆ. ನಿಧಾನ ಅಗಿಯಿರಿ, ಉಗುಳಬೇಡಿ" ಎಂದರು ಹಿರಿಯರು.

ಮೊದಲು ಏನೂ ಆಗಲಿಲ್ಲ. ತಣ್ಣಗೆ, ತುಸು ಸಿಹಿಯಾಗಿ, ಹಲ್ಲಿಗೆ ಕಚ್ಚಿಕೊಳ್ಳುವ ಮಾಂಸ. ನಡುವೆ ಮೆಲು ಎಲುಬು ಕಟಕಟ ಎನ್ನುತ್ತದೆ. ಇಷ್ಟೇನಾ ಎನ್ನುವಷ್ಟರಲ್ಲಿ ಬಾಯ ಬಿಸಿಗೆ ಹೋಳು ಬೆಚ್ಚಗಾಯಿತು. ಆಗ ಒಳಗಿನಿಂದ ಗಾಳಿಯೊಂದು ಎದ್ದು ಅಂಗುಳದ ಹಿಂದಿನಿಂದ ಮೂಗಿಗೆ, ಮೂಗಿನಿಂದ ಹಣೆಗೆ ಹತ್ತಿತು. ಪಿಯುಸಿಯಲ್ಲಿ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಮೋನಿಯದ ಬಾಟಲಿಯನ್ನು ಮೂಗಿಗೆ ಹಿಡಿಯಬೇಡಿ ಎಂದು ಮೇಷ್ಟ್ರು ಎಚ್ಚರಿಸುತ್ತಿದ್ದರಲ್ಲ, ಅದೇ. ಉಸಿರು ಅಲ್ಲೇ ನಿಂತಿತು. ಕಣ್ಣು ತುಂಬಿತು. ನಂತರ ಹಂದಿಯ ಕೊಬ್ಬು ನಾಲಿಗೆಯ ಮೇಲೆ ಹರಡಿಕೊಂಡಿತು, ಕಿಮ್ಚಿಯ ಹುಳಿ ಮುಂದೆ ಬಂತು, ಗಾಳಿ ಮೆಲ್ಲಗೆ ತಗ್ಗಿತು. ನುಂಗಿದ ಮೇಲೆ ಮೂಗು, ತಲೆ ಎಲ್ಲ ತೊಳೆದಿಟ್ಟಂತೆ ಖಾಲಿ. ನಾಲಿಗೆಗೆ ಇದರಲ್ಲಿ ಅಷ್ಟು ಕೆಲಸವೇ ಇಲ್ಲ. ಊಟವನ್ನೆಲ್ಲ ಮಾಡುವುದು ಮೂಗು.

ಮೂಗು ಎಂದರೂ ವಾಸನೆ ಹಿಡಿಯುವ ನರವಲ್ಲ. ಅಮೋನಿಯದ ಉರಿಯನ್ನು ಮುಖ್ಯವಾಗಿ ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಎಂಬ ಇನ್ನೊಂದು ನರ. ಮುಖದ ನೋವು, ಬಿಸಿ, ತಂಪು ಎಲ್ಲವೂ ಅದರ ಇಲಾಖೆ. ಸಾಸಿವೆ ಅರೆದ ಗೊಜ್ಜು ತಿಂದಾಗ ತಲೆಗೆ ಹತ್ತುವುದೂ, ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯುವುದೂ, ಮೂರ್ಛೆ ಹೋದವರ ಮೂಗಿಗೆ ಹಿಂದೆ ಹಿಡಿಯುತ್ತಿದ್ದ ಉಪ್ಪಿನ ಶೀಶೆಯೂ ಕೆಲಸ ಮಾಡುವುದು ಇದೇ ನರದ ಮೂಲಕ. ಅಂದರೆ ಹೊಂಗೊ ಕೊಡುವ ಅನುಭವದ ಅರ್ಧಪಾಲು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಹದವಾಗಿ ಅಳೆದು ಕೊಟ್ಟ ನೋವು. ಹಸಿಮೆಣಸಿನಕಾಯಿ ಕಡಿದು ಗಂಜಿ ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪಾಯವಿಲ್ಲ ಎಂದು ಗೊತ್ತಿರುವ ಉರಿಯನ್ನು ಮನುಷ್ಯ ಬೇಕೆಂದೇ ಸವಿಯುತ್ತಾನೆ ಎಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಣಸಿನಕಾಯಿಯನ್ನೇ ಮುಂದಿಟ್ಟುಕೊಂಡು ವಿವರಿಸಿದ್ದಾರೆ.

ಈ ಅಮೋನಿಯ ಎಲ್ಲಿಂದ ಬಂತು? ಯೂಟ್ಯೂಬಿನ ಅರ್ಧ ವಿಡಿಯೊಗಳು ಈ ಮೀನು ಚರ್ಮದ ಮೂಲಕ ಮೂತ್ರ ಮಾಡುತ್ತದೆ, ಅದಕ್ಕೇ ಈ ನಾತ ಎಂದು ಹೇಳಿ ನಗಿಸುತ್ತವೆ. ವಿಷಯ ಅದಕ್ಕಿಂತ ಚೆನ್ನಾಗಿದೆ. ಕಡಲ ನೀರು ಬಹಳ ಉಪ್ಪು. ಬಂಗುಡೆಯಂಥ ಮುಳ್ಳಿನ ಮೀನುಗಳ ರಕ್ತದಲ್ಲಿ ಉಪ್ಪು ಅದರ ಮೂರರಲ್ಲೊಂದು ಪಾಲಿನಷ್ಟು. ಹೀಗಾಗಿ ಮೈಯ ನೀರು ಸದಾ ಹೊರಗೆ ಸೋರಲು ನೋಡುತ್ತದೆ. ಬಂಗುಡೆ ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕಿ ಹೇಗೋ ಸಂಭಾಳಿಸುತ್ತದೆ. ತಾಟೆ ಎಂಬ ಶಾರ್ಕ್, ತೊರಕೆ, ಹೊಂಗೊಗಳ ಕುಲ ಬೇರೆ ದಾರಿ ಹಿಡಿದಿದೆ. ನಾವು ಕಸವೆಂದು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅವು ರಕ್ತದಲ್ಲೂ ಮಾಂಸದಲ್ಲೂ ಕೂಡಿಟ್ಟುಕೊಳ್ಳುತ್ತವೆ, ನಮ್ಮ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅದರಿಂದ ಮೈಯ ಒಳಗಿನ ದ್ರವ ಹೊರಗಿನ ಸಮುದ್ರದಷ್ಟೇ ದಟ್ಟವಾಗುತ್ತದೆ, ನೀರು ಸೋರುವುದು ನಿಲ್ಲುತ್ತದೆ. ಆದರೆ ಯೂರಿಯಾ ಅಷ್ಟು ಸೇರಿದರೆ ಪ್ರೋಟೀನುಗಳ ಹೆಣಿಗೆ ಬಿಚ್ಚಿಹೋಗುತ್ತದೆ. ಅದಕ್ಕೆ ತಡೆಯಾಗಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತುವನ್ನೂ, ಹೆಚ್ಚುಕಡಿಮೆ ಎರಡಕ್ಕೆ ಒಂದರ ಲೆಕ್ಕದಲ್ಲಿ, ಈ ಮೀನುಗಳು ಸಂಗ್ರಹಿಸುತ್ತವೆ. ಒಂದು ಕೆಡಿಸಲು ಹೊರಟದ್ದನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳ ಸರದಿ. ಅವುಗಳಲ್ಲಿ ಕೆಲವಕ್ಕೆ ಯೂರಿಯಾವನ್ನು ಒಡೆಯುವ ಕಿಣ್ವವಿದೆ. ಒಡೆದರೆ ಸಿಗುವುದು ಅಮೋನಿಯ ಮತ್ತು ಇಂಗಾಲದ ಡೈ ಆಕ್ಸೈಡ್. ಅಮೋನಿಯ ಹೆಚ್ಚಿದಂತೆ ಮಾಂಸ ಕ್ಷಾರವಾಗುತ್ತ ಹೋಗುತ್ತದೆ. ಪಿಎಚ್ ಒಂಬತ್ತರ ಹತ್ತಿರ ಬರುತ್ತದೆ. ಮೀನನ್ನು ಕೊಳೆಸಿ ಹೊಟ್ಟೆ ಕೆಡಿಸುವ ಬಹುಪಾಲು ಸೂಕ್ಷ್ಮಜೀವಿಗಳಿಗೆ ಆ ಕ್ಷಾರದಲ್ಲಿ ಬಾಳುವೆ ಇಲ್ಲ. ಹೀಗೆ ಉಪ್ಪಿನ ಒಂದು ಹರಳೂ ಇಲ್ಲದೆ ಮೀನು ತನ್ನೊಳಗಿನ ಸರಕಿನಿಂದಲೇ ತನ್ನನ್ನು ಕಾಪಾಡಿಕೊಳ್ಳುತ್ತದೆ. ಬಂಗುಡೆಯನ್ನು ಹೀಗೆ ಇಟ್ಟು ತಿಂದರೆ ಆಸ್ಪತ್ರೆಯೇ ಗತಿ, ಯಾಕೆಂದರೆ ಅದರ ಮೈಯಲ್ಲಿ ಆ ಯೂರಿಯಾ ಇಲ್ಲ. ಐಸ್‌ಲ್ಯಾಂಡಿನವರು ಗ್ರೀನ್‌ಲ್ಯಾಂಡ್ ತಾಟೆಯನ್ನು ಹುದುಗಿಸಿ, ತಿಂಗಳುಗಟ್ಟಲೆ ಗಾಳಿಗೆ ನೇತುಹಾಕಿ ತಿನ್ನುವ ಹಾಕಾರ್ಲ್‌ನಲ್ಲೂ ಇದೇ ಅಮೋನಿಯ. ಸ್ವೀಡನ್ನಿನ ಡಬ್ಬಿ ಉಬ್ಬುವ ಹೆರಿಂಗ್ ಮಾತ್ರ ಬೇರೆ ಜಾತಿ. ಅದು ತೆಳು ಉಪ್ಪುನೀರಿನಲ್ಲಿ ಹುದುಗಿದ್ದು, ಅದರ ನಾತ ಕೊಳೆತ ಮೊಟ್ಟೆಯ ಕಡೆಯದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ 'ಜಗತ್ತಿನ ಅತಿ ಕೆಟ್ಟ ವಾಸನೆಯ ಆಹಾರಗಳು' ಎಂದು ಬರೆಯುವವರಿಗೆ ಮೂಗು ಇದ್ದಂತಿಲ್ಲ.

ಹೊಂಗೊದ ಈ ವಾಸನೆ ನಮ್ಮ ಕರಾವಳಿಯವರಿಗೆ ಹೊಸದಲ್ಲ ಎಂಬುದೇ ನನ್ನನ್ನು ಕಾಡಿದ್ದು. ಐಸು ಸರಿಯಾಗಿ ಬೀಳದ ತೊರಕೆ ಮಧ್ಯಾಹ್ನದ ಹೊತ್ತಿಗೆ ಇದೇ ವಾಸನೆ ಹೊಡೆಯುತ್ತದೆ. ಮನೆಬಾಗಿಲಿಗೆ ಬುಟ್ಟಿ ಹೊತ್ತು ಬರುವ ಅಕ್ಕನ ಹತ್ತಿರ ನಮ್ಮಮ್ಮ ತುಂಡನ್ನು ಎತ್ತಿ ಮೂಸಿ, "ಇದು ಉಚ್ಚೆ ವಾಸನೆ ಬಂತಲ್ಲ ಮಾರಾಯ್ತಿ" ಎಂದು ಅಲ್ಲೇ ಇಟ್ಟುಬಿಡುತ್ತಿದ್ದರು. ತೀರ ಹೆಚ್ಚಿಲ್ಲದಿದ್ದರೆ ಚೌಕಾಸಿ ಮಾಡಿ ಕೊಳ್ಳುವುದೂ ಇತ್ತು. ಆಗ ಉಪ್ಪು, ಅರಸಿನ, ಹುಣಸೆಹುಳಿಯ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು. ಹುಳಿ ಆಮ್ಲ, ಅಮೋನಿಯ ಕ್ಷಾರ. ಎರಡೂ ಸೇರಿದರೆ ಗಾಳಿಗೆ ಏರದ ಲವಣವಾಗಿ ನೀರಿನ ಜೊತೆ ಹೋಗಿಬಿಡುತ್ತದೆ. ಉಳಿದದ್ದನ್ನು ಮೆಣಸು, ಬೆಳ್ಳುಳ್ಳಿ, ಮತ್ತಷ್ಟು ಹುಳಿ ನೋಡಿಕೊಳ್ಳುತ್ತವೆ. ತಾಟೆಯ ಸುಕ್ಕ ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎಂದು ನಮ್ಮಲ್ಲಿ ಮಾಡಿ ಬಡಿಸುವುದು ಇಂದಿಗೂ ಇದೆ, ಅದಕ್ಕೂ ಮೊದಲ ಕೆಲಸ ಈ ತೊಳೆಯುವುದೇ.

ಅಂದರೆ ಮೀನಿನ ಕುಲ ಒಂದೇ, ಬ್ಯಾಕ್ಟೀರಿಯಾದ ಕೆಲಸ ಒಂದೇ, ಬರುವ ಗಾಳಿಯೂ ಒಂದೇ. ಮಲ್ಪೆಯಲ್ಲಿ ಆ ಗಾಳಿ ಬಂದರೆ ಮೀನಿನ ಬೆಲೆ ಇಳಿಯುತ್ತದೆ. ಯೊಂಗ್‌ಸಾನ್‌ಪೊದಲ್ಲಿ ಬರದಿದ್ದರೆ ಕೊಳ್ಳುವವರಿಲ್ಲ. ವ್ಯತ್ಯಾಸ ಎಲ್ಲಿದೆ? ಅಲ್ಲಿಯ ಚಳಿಯಲ್ಲಿ ಒಂದು ಪಾಲಿದೆ. ಮೂವತ್ತು ಡಿಗ್ರಿ ಸೆಕೆಯಲ್ಲಿ, ನೊಣದ ನಡುವೆ ಮೀನು ಬಿಟ್ಟರೆ ಯೂರಿಯಾ ಒಡೆಯುವ ಜೀವಿಗಳ ಜೊತೆ ಬೇಡದ ನೆಂಟರೂ ಬರುತ್ತಾರೆ. ಹೊಂಗೊ ಕಳಿಯುವುದು ತಂಪಿನಲ್ಲಿ, ನಿಧಾನವಾಗಿ, ಒಬ್ಬರ ಕಣ್ಣಳತೆಯಲ್ಲಿ. ಹಾಗಾಗಿ ಇದನ್ನು ಓದಿ ಉಡುಪಿಯಲ್ಲಿ ಯಾರೂ ತೊರಕೆಯನ್ನು ಹಂಡೆಯಲ್ಲಿ ಇಡಲು ಹೋಗಬೇಡಿ. ಉಳಿದ ಪಾಲು ಅಭ್ಯಾಸದ್ದು. ಅಸಹ್ಯವೆಂಬುದು ಹುಟ್ಟಿನೊಂದಿಗೆ ಬರುವ ಗುಣವಲ್ಲ, ಬಾಲ್ಯದಲ್ಲಿ ಸುತ್ತಲಿನವರ ಮುಖ ನೋಡಿ ಕಲಿಯುವ ಪಾಠ ಎಂದು ಆಗಲೇ ಹೇಳಿದ ರೋಜಿನ್ ಅವರ ಸಂಶೋಧನೆ ತೋರಿಸಿದೆ. ಎರಡು ವರ್ಷದೊಳಗಿನ ಮಗು ಏನನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತದೆ. ನನ್ನ ಅಮ್ಮ ಮೂಸಿ ಮುಖ ಸಿಂಡರಿಸಿದ ಗಾಳಿಯನ್ನೇ ನಮ್ಮ ಹಿರಿಯರ ಅಮ್ಮ ಮೂಸಿ, ಇನ್ನು ಎರಡು ದಿನ ಬಿಟ್ಟರೆ ಹದ ಎಂದಿರಬೇಕು.

ಹದ ಎಂದು ಮೊದಲು ಹೇಳಿದವರು ಯಾರು ಎಂಬುದಕ್ಕೆ ಯೊಂಗ್‌ಸಾನ್‌ಪೊದಲ್ಲಿ ಒಂದು ಕತೆ ಹೇಳುತ್ತಾರೆ. ಹೊಂಗೊಗೆ ಹೆಸರಾದ ಹುಕ್ಸಾನ್ ದ್ವೀಪ ಮೊಕ್ಪೊ ಬಂದರಿನಿಂದ ಸುಮಾರು 90 ಕಿಲೋಮೀಟರ್ ದೂರ, ನಡುಸಮುದ್ರದಲ್ಲಿದೆ. ಗೊರ್‍ಯೊ ಅರಸರ ಕೊನೆಗಾಲದಲ್ಲಿ, ಅಂದರೆ 14ನೇ ಶತಮಾನದಲ್ಲಿ, ಜಪಾನಿ ಕಡಲ್ಗಳ್ಳರ ಹಾವಳಿ ತಡೆಯಲಾಗದೆ ಸರ್ಕಾರ ದ್ವೀಪಗಳನ್ನು ಖಾಲಿ ಮಾಡಿಸಿತು. ಅಲ್ಲಿಯ ಜನ ನದಿಯ ಮೇಲೆ ಒಳನಾಡಿಗೆ ಬಂದು ನೆಲೆಸಿದ ಜಾಗವೇ ಯೊಂಗ್‌ಸಾನ್‌ಪೊ. ಆಮೇಲೂ ಮೀನು ತರಲು ಅವರು ಹಳೆಯ ನೀರಿಗೇ ಹೋಗುತ್ತಿದ್ದರು. ಹಾಯಿದೋಣಿ ಗಾಳಿ ನೋಡಿಕೊಂಡು ಬಂದು ಮುಟ್ಟುವಷ್ಟರಲ್ಲಿ ಹಲವು ದಿನ ಕಳೆದು ಬೇರೆ ಮೀನೆಲ್ಲ ಹಾಳಾಗಿರುತ್ತಿತ್ತು. ಹೊಂಗೊ ಮಾತ್ರ ನಾತ ಹೊಡೆಯುತ್ತಿದ್ದರೂ ತಿಂದವರಿಗೆ ಏನೂ ಆಗಲಿಲ್ಲ. ಕತೆಯಲ್ಲಿ ಎಷ್ಟು ನಿಜವೋ, ಮೇಲೆ ಹೇಳಿದ ರಸಾಯನಶಾಸ್ತ್ರ ಅದಕ್ಕೆ ಸಾಕ್ಷಿ ಹೇಳುವಂತಿದೆ.

ಬರವಣಿಗೆಯ ಸಾಕ್ಷಿ ಇನ್ನೂ ಸೊಗಸಾದದ್ದು. 1801ರಲ್ಲಿ ಕ್ಯಾಥೊಲಿಕ್ ಮತಕ್ಕೆ ಒಲಿದವರ ಮೇಲೆ ಜೊಸನ್ ಅರಸೊತ್ತಿಗೆ ಮುಗಿಬಿದ್ದಾಗ ಜೊಂಗ್ ಯಾಕ್‌ಜೊನ್ ಎಂಬ ವಿದ್ವಾಂಸರನ್ನು ಹುಕ್ಸಾನಿಗೆ ಗಡಿಪಾರು ಮಾಡಲಾಯಿತು. ಪುಸ್ತಕದ ಹುಳುವಾಗಿದ್ದ ಮನುಷ್ಯ ಅಲ್ಲಿ ಮೀನು ನೋಡತೊಡಗಿದರು. ದ್ವೀಪದವನೇ ಆದ ಚಾಂಗ್ದೆ ಎಂಬ ಯುವಕ ನೆರವಿಗೆ ನಿಂತ. ಇಬ್ಬರ ಶ್ರಮದಿಂದ 1814ರಲ್ಲಿ 'ಜಾಸಾನ್ ಒಬೊ' ಎಂಬ ಗ್ರಂಥ ಸಿದ್ಧವಾಯಿತು: ಸುತ್ತಲಿನ ಕಡಲಿನ ಇನ್ನೂರಕ್ಕೂ ಹೆಚ್ಚು ಜೀವಿಗಳ ರೂಪ, ನಡವಳಿಕೆ, ರುಚಿ, ಮದ್ದಿನ ಗುಣಗಳ ವಿವರ. ನಾಜುವಿನ ಜನ ಹೊಂಗೊವನ್ನು ಕಳಿಸಿ ತಿನ್ನಲು ಇಷ್ಟಪಡುತ್ತಾರೆ ಎಂಬ ಮಾತು ಅದರಲ್ಲಿದೆ. ಎರಡು ವರ್ಷದ ನಂತರ ಜೊಂಗ್ ಗಡಿಪಾರಿನಲ್ಲೇ ತೀರಿಕೊಂಡರು. 2021ರಲ್ಲಿ ನಿರ್ದೇಶಕ ಲೀ ಜೂನ್‌ಇಕ್ ಇದೇ ಹೆಸರಿನಲ್ಲಿ ಕಪ್ಪುಬಿಳುಪಿನ ಸಿನಿಮಾ ಮಾಡಿದ್ದಾರೆ; ಮೀನಿನ ಮೇಲೆ ಆಸಕ್ತಿ ಇಲ್ಲದವರೂ ನೋಡಬಹುದಾದ ಚಿತ್ರ.

ಯೊಂಗ್‌ಸಾನ್‌ಪೊಗೆ ಈಗ ಸಮುದ್ರದಿಂದ ದೋಣಿ ಬರುವುದಿಲ್ಲ. 1981ರಲ್ಲಿ ನದಿಯ ಬಾಯಿಗೆ ಅಡ್ಡಲಾಗಿ ಕಟ್ಟೆ ಮುಗಿದ ಮೇಲೆ ಸಮುದ್ರದ ದಾರಿ ಮುಚ್ಚಿತು. ಆದರೂ ಬೀದಿ ಉಳಿದಿದೆ. ಮೀನು ಲಾರಿಯಲ್ಲಿ ಬರುತ್ತದೆ, ಬಹುಪಾಲು ಅರ್ಜೆಂಟೀನಾ, ಚಿಲಿಯಂಥ ದೂರದ ನೀರಿನಿಂದ. ಹುಕ್ಸಾನಿನ ಮೀನು ದುಬಾರಿ, ಹೆಣ್ಣು ಮೀನಾದರೆ ಇನ್ನೂ ದುಬಾರಿ: ಗಾತ್ರದಲ್ಲಿ ದೊಡ್ಡದು, ಮಾಂಸವೂ ಮೃದು. ಗಂಡನ್ನು ಗುರುತಿಸುವುದು ಬಾಲದ ಎರಡೂ ಬದಿಗೆ ಇರುವ ಜೋಡಿ ಅಂಗದಿಂದ. ಹಿಂದಿನ ಬೆಸ್ತರು ಹಿಡಿದ ಕೂಡಲೇ ಅದನ್ನು ಕತ್ತರಿಸಿ ಎಸೆದುಬಿಡುತ್ತಿದ್ದರಂತೆ. ಯಾರು ಬೇಕಾದರೂ ತುಳಿಯಬಹುದಾದ ಬಡಪಾಯಿಯನ್ನು ಆ ಅಂಗಕ್ಕೆ ಹೋಲಿಸುವ ಗಾದೆಯೊಂದು ಜೊಲ್ಲಾದಲ್ಲಿದೆ, ಭಾನುವಾರದ ಪುರವಣಿಯಲ್ಲಿ ಅದನ್ನು ಪೂರ್ತಿ ಬರೆಯುವಂತಿಲ್ಲ. ಹುಕ್ಸಾನಿನ ಬೆಸ್ತರು ಇಂದಿಗೂ ಎರೆ ಸಿಕ್ಕಿಸದ ಬರಿಗಾಳಗಳನ್ನು ಉದ್ದ ಹಗ್ಗಕ್ಕೆ ಒತ್ತೊತ್ತಾಗಿ ಕಟ್ಟಿ ತಳದಲ್ಲಿ ಬಿಡುತ್ತಾರೆ. ನೆಲಕ್ಕೆ ತಾಗಿಕೊಂಡು ಈಜುವ ಮೀನು ತಾನಾಗಿ ಸಿಕ್ಕಿಕೊಳ್ಳುತ್ತದೆ. 1990ರ ದಶಕದ ಕೊನೆಗೆ ಈ ದೋಣಿಗಳು ಬೆರಳೆಣಿಕೆಗೆ ಇಳಿದಿದ್ದವು. ಆಮೇಲೆ ಹಿಡಿಯುವ ಪ್ರಮಾಣಕ್ಕೆ ಮಿತಿ ಬಂತು, ಜೂನ್ 1ರಿಂದ ಜುಲೈ 15ರವರೆಗೆ ನಿಷೇಧ ಬಂತು, ಅಸಲಿ ಮೀನಿಗೆ ಗುರುತಿನ ಚೀಟಿ ಬಂತು.

ಜೊಲ್ಲಾದಲ್ಲಿ ಮದುವೆಯಾಗಲಿ ಸಾವಾಗಲಿ, ಎಷ್ಟೇ ಬಗೆ ಮಾಡಿದರೂ ಹೊಂಗೊ ಇಲ್ಲದಿದ್ದರೆ ಅದನ್ನು ಔತಣವೆನ್ನುವುದಿಲ್ಲ. ಆದರೆ ಆ ಶುಕ್ರವಾರ ನಮ್ಮ ಊಟ ಮುಗಿಯುವ ಹೊತ್ತಿಗೆ, ಮಕ್ಕೊಲ್ಲಿಯ ಎರಡನೇ ಕೊಡ ಬಂದ ಮೇಲೆ, ಹಿರಿಯರು ಇನ್ನೊಂದು ವಿಷಯ ತೆಗೆದರು. ಸೋಲ್‌ನಲ್ಲಿ ಓದುತ್ತಿದ್ದಾಗ ತಾವು ಹೊಂಗೊ ತಿನ್ನುವವರು ಎಂದು ಯಾರಿಗೂ ಹೇಳುತ್ತಿರಲಿಲ್ಲವಂತೆ. ಕೊರಿಯಾದ ರಾಜಕೀಯದಲ್ಲಿ ಜೊಲ್ಲಾ ಬಹುಕಾಲ ಮೂಲೆಗೆ ತಳ್ಳಿಸಿಕೊಂಡ ನಾಡು. 1980ರ ಮೇ ತಿಂಗಳಲ್ಲಿ ಸೇನಾಡಳಿತದ ವಿರುದ್ಧ ಗ್ವಾಂಗ್ಜು ಎದ್ದು ನಿಂತಾಗ ಸೈನಿಕರು ನಾಗರಿಕರನ್ನು ಕೊಂದರು. ಇಂಟರ್ನೆಟ್ ಬಂದ ಮೇಲೆ ಬಲಪಂಥೀಯ ಗುಂಪುಗಳು ಜೊಲ್ಲಾದವರನ್ನು ಹೀಯಾಳಿಸಲು ಆರಿಸಿಕೊಂಡ ಹೆಸರು ಇದೇ ಮೀನಿನದು. ಆ ಮೇ ತಿಂಗಳಲ್ಲಿ ಸತ್ತವರ ಶವಪೆಟ್ಟಿಗೆಗಳ ಚಿತ್ರಕ್ಕೆ ಹೊಂಗೊ ಪಾರ್ಸೆಲ್ ಎಂಬರ್ಥದ ಮಾತು ಬರೆದು ಹಾಕಿದ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಗಿದೆ. ವಾಸನೆಯನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ದೂರ ಇಡುವುದು ಹೇಗೆಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇದೇ ನಾಡಿನ ಹಾಯಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದ ಕಿಮ್ ದೇ‌ಜಂಗ್ 1980ರಲ್ಲಿ ಮರಣದಂಡನೆಗೆ ಗುರಿಯಾಗಿ, ಬದುಕುಳಿದು, 1998ರಲ್ಲಿ ರಾಷ್ಟ್ರಾಧ್ಯಕ್ಷರಾದರು, 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಅವರ ಹೊಂಗೊ ಪ್ರೀತಿ ದೇಶಕ್ಕೆಲ್ಲ ಗೊತ್ತಿತ್ತು. "ಅವರು ಗೆದ್ದ ವರ್ಷ ನಾವು ಬಹಿರಂಗವಾಗಿ ತಿಂದೆವು" ಎಂದರು ಹಿರಿಯರು, ತಮಾಷೆಯೋ ನಿಜವೋ ಮುಖದಲ್ಲಿ ಗೊತ್ತಾಗಲಿಲ್ಲ.

ಅದಾದ ಮೇಲೆ ಯೂಟ್ಯೂಬಿನ ಆ ವಿಡಿಯೊಗಳನ್ನು ನೋಡುವುದು ನನಗೆ ಕಷ್ಟವಾಯಿತು. ಒಬ್ಬ ವಿದೇಶಿ ತುತ್ತು ಬಾಯಿಗಿಟ್ಟು, ಕಿರುಚಿ, ಉಗುಳಿ, ಕ್ಯಾಮೆರಾಗೆ ಹೆಬ್ಬೆರಳು ಕೆಳಗೆ ಮಾಡಿ ತೋರಿಸುತ್ತಾನೆ. ಲಕ್ಷಾಂತರ ಮಂದಿ ನೋಡುತ್ತಾರೆ. ಹಿಂದೆ ಎಲ್ಲೋ ತಟ್ಟೆ ಹಿಡಿದು ನಿಂತ ಇಮೊ ಕಾಣಿಸುತ್ತಾಳೆ. ತಿನ್ನಲಾಗದಿದ್ದರೆ ತಪ್ಪೇನಿಲ್ಲ, ನಮ್ಮ ಸೋಲ್‌ನ ಗೆಳೆಯನಂತೆ ಬೇರೆ ಕೆಲಸವಿದೆ ಎಂದು ಹೇಳುವುದು ಎಷ್ಟೋ ಮರ್ಯಾದೆ. ಅತಿಥಿಗೆಂದು ಆರಿಸಿ ಇಟ್ಟದ್ದನ್ನು ಧೈರ್ಯ ಪರೀಕ್ಷೆಯ ಸಾಮಾನು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ತಿನ್ನಬೇಕೆಂದಿರುವವರಿಗೆ ಕೆಲವು ಮಾತು. ಬರಿ ಮೀನನ್ನೇ ಮೊದಲು ತಿನ್ನಬೇಡಿ. ಸಮ್ಹಾಪ್‌ನ ಜೋಡಣೆ ಸುಮ್ಮನೆ ಆದದ್ದಲ್ಲ: ಕಿಮ್ಚಿಯ ಲ್ಯಾಕ್ಟಿಕ್ ಆಮ್ಲ ಅಮೋನಿಯದ ಕ್ಷಾರವನ್ನು ಬಾಯಲ್ಲೇ ಅರ್ಧ ಕೊಲ್ಲುತ್ತದೆ, ಹಂದಿಯ ಕೊಬ್ಬು ಉರಿಗೆ ಹಾಸಿಗೆಯಾಗುತ್ತದೆ, ಹುಳಿಯಾದ ಮಕ್ಕೊಲ್ಲಿ ಉಳಿದದ್ದನ್ನು ತೊಳೆಯುತ್ತದೆ. ಅಮ್ಮನ ಹುಣಸೆನೀರಿನ ಲೆಕ್ಕವೇ ಇಲ್ಲಿಯೂ. ಅವರು ತೊಳೆಯುವಾಗ ಹಾಕುತ್ತಿದ್ದರು, ಇವರು ತಿನ್ನುವಾಗ ಹಾಕಿಕೊಳ್ಳುತ್ತಾರೆ. ಬಲವಾಗಿ ಕಳಿತದ್ದನ್ನು ಒಂದೇ ಸಲಕ್ಕೆ ಹೆಚ್ಚು ತಿಂದರೆ ಅಂಗುಳದ ಸಿಪ್ಪೆ ಏಳುತ್ತದೆ, ಇದು ಉತ್ಪ್ರೇಕ್ಷೆಯಲ್ಲ. ಬಲ್ಲವರು ಮೀನಿನ ಮೂಗಿನ ಭಾಗಕ್ಕೆ ಮೊದಲ ಸ್ಥಾನ ಕೊಡುತ್ತಾರೆ. ಲೋಳೆಲೋಳೆಯಾದ ಆ ಮೆಲು ಎಲುಬಿನಲ್ಲೇ ಉರಿ ಅತಿ ಹೆಚ್ಚು, ಹಾಗಾಗಿ ಅದು ಮೊದಲ ದಿನಕ್ಕಲ್ಲ. ಖಾರವಾಗಿ ಮೂಲಂಗಿಯ ಜೊತೆ ಕಲಸಿದ್ದು ಸಿಕ್ಕರೆ ಅದರಿಂದ ಆರಂಭಿಸಬಹುದು. ಹುಕ್ಸಾನಿಗೇ ಹೋಗುವ ಯೋಗವಿದ್ದರೆ ಇನ್ನೂ ಸುಲಭ, ಯಾಕೆಂದರೆ ದ್ವೀಪದವರು ಅದನ್ನು ಕಳಿಸುವುದು ಕಡಿಮೆ. ಮನೆಮುಂದೆಯೇ ಹಿಡಿದ ಮೀನು. ತಾಜಾ ಹೆಚ್ಚಿ ತಿಂದುಬಿಡುತ್ತಾರೆ, ಅಮೋನಿಯದ ಸುಳಿವೇ ಇರುವುದಿಲ್ಲ.

ನನಗೆ ಕೊನೆಗೆ ಹಿಡಿಸಿದ್ದು ಹಸಿ ಹೋಳಲ್ಲ, ಚಳಿ ಇಳಿಯುವ ಹೊತ್ತಿಗೆ ಮಾಡುವ ಸಾರು. ಹೊಂಗೊದ ಯಕೃತ್ತನ್ನು ಬಾರ್ಲಿಯ ಎಳೆ ಚಿಗುರಿನ ಜೊತೆ, ಸೋಯಾಬೀನಿನ ಹುದುಗು ಕದಡಿ ಕುದಿಸುತ್ತಾರೆ. ಯಕೃತ್ತು ಕರಗಿ ಸಾರು ದಪ್ಪವಾಗುತ್ತದೆ, ಅಮೋನಿಯ ಹಿಂದೆ ಎಲ್ಲೋ ಇರುತ್ತದೆ, ಚಿಗುರಿನ ಹಸಿರು ಘಮ ಮುಂದೆ. ಅನ್ನದ ಜೊತೆ ಬಟ್ಟಲು ಬಟ್ಟಲು ಹೋಗುತ್ತದೆ. ಆವಿಯಲ್ಲಿ ಬೇಯಿಸಿದ ಹೊಂಗೊದ ಸಹವಾಸ ಮಾತ್ರ ನನಗೆ ಬೇಡ. ಬಿಸಿಯಾದಷ್ಟೂ ಅಮೋನಿಯ ಮೇಲೇಳುತ್ತದೆ. ಮುಚ್ಚಳ ತೆಗೆದ ಕ್ಷಣ ನಮ್ಮ ಹಿರಿಯರೇ ಕನ್ನಡಕ ತೆಗೆದಿಟ್ಟು, ಕಣ್ಣು ಒರೆಸಿಕೊಂಡು, ಮೊದಲ ತುತ್ತಿಗೆ ಕೆಮ್ಮಿ, ಎರಡನೆಯದಕ್ಕೆ ಕೈ ಹಾಕುತ್ತಿದ್ದರು.